ಧನಿಗಳು ವಾರಕ್ಕೊಂದು ಲೆಕ್ಕ ಕೇಳಿದರೆ ಸಾಫ್ಟ್‌ವೇರ್ ಮುಗಿಯುವುದು ಯಾವಾಗ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಾವು ಐದು ಮಂದಿ ಸೇರಿ ಸಣ್ಣ ಸಾಫ್ಟ್‌ವೇರ್ ಕಂಪೆನಿ ನಡೆಸುತ್ತಿದ್ದೇವೆ. ಅಡಿಕೆ, ಕಾಳುಮೆಣಸು, ರಬ್ಬರ್ ಖರೀದಿಸುವ ಒಬ್ಬ ವ್ಯಾಪಾರಿಗೆ ಪರ್ಫಾರ್ಮೆನ್ಸ್ ಡ್ಯಾಶ್‌ಬೋರ್ಡ್ (ವ್ಯಾಪಾರದ ಮುಖ್ಯ ಅಂಕಿಗಳನ್ನು ಒಂದೆಡೆ ತೋರಿಸುವ ಸ್ಕ್ರೀನ್) ಮಾಡಿಕೊಡುತ್ತಿದ್ದೇವೆ. ಅವರಿಗೆ ಮುಳ್ಳೇರಿಯ, ಪೆರ್ಲ, ಕುಂಬಳೆಯಲ್ಲಿ ಅಂಗಡಿ ಇದೆ, ಗಡಿಯಾಚೆ ಕರ್ನಾಟಕದ ಪುತ್ತೂರಿನಲ್ಲಿ ಒಂದು ಬ್ರಾಂಚ್ ಇದೆ. ಅಜೈಲ್ ಅನ್ನುವ ವಿಧಾನದಲ್ಲಿ ಕೆಲಸ: ಎರಡು ವಾರದ ಒಂದೊಂದು ಕಂತು (ಸ್ಪ್ರಿಂಟ್), ಕೊನೆಗೆ ಆದಷ್ಟನ್ನು ತೋರಿಸುವ ಡೆಮೊ. ಆದರೆ ಪ್ರತಿ ಡೆಮೊ ಮುಗಿದಾಗಲೂ ಧನಿಗಳು ಹೊಸದೇನಾದರೂ ಕೇಳುತ್ತಾರೆ. ಕಳೆದ ತಿಂಗಳು ಒಪ್ಪಿದ ಲಾಭದ ಲೆಕ್ಕ ಈ ತಿಂಗಳು ತಪ್ಪು ಅನ್ನುತ್ತಾರೆ. 'ಅಜೈಲ್ ಅಂದರೆ ಯಾವಾಗ ಬೇಕಾದರೂ ಬದಲಾಯಿಸಬಹುದು ಅಂತ ನೀವೇ ಹೇಳಿದ್ದಲ್ವಾ?' ಅಂತ ಅವರ ಮಗ ಕೇಳುತ್ತಾರೆ. ರಿಕ್ವೈರ್‌ಮೆಂಟ್ ಫ್ರೀಜ್ ಮಾಡಿ (ಇನ್ನು ಬೇಡಿಕೆ ಬದಲಿಸುವ ಹಾಗಿಲ್ಲ ಅಂತ ಹೇಳಿ) ಸೈನ್ ಹಾಕಿಸಿಕೊಳ್ಳುವುದೇ ಒಳ್ಳೆಯದಾ? ನಿಗದಿ ಮೊತ್ತಕ್ಕೆ ಒಪ್ಪಿಕೊಂಡ ಕೆಲಸ ಇದು. ಜಾಸ್ತಿ ದುಡ್ಡು ಕೇಳುವುದು ಹೇಗೆ?

ಉತ್ತರ: ಫ್ರೀಜ್ ಮಾಡಬೇಡಿ. ಸೈನ್ ಹಾಕಿಸಿಕೊಳ್ಳಿ, ಆದರೆ ಬೇರೆ ಕಾಗದಕ್ಕೆ. ಅದು ಯಾವುದು ಅಂತ ಮುಂದೆ ಹೇಳುತ್ತೇನೆ.

ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವಾಗ ನಿಮಗೆ ಈ ಕಷ್ಟ ಇಷ್ಟು ಬಂದಿರಲಿಕ್ಕಿಲ್ಲ. ಬಿಲ್ಲಿನಲ್ಲಿ ಏನೇನು ಇರಬೇಕು ಅಂತ ಅಂಗಡಿಯವರಿಗೆ ಗೊತ್ತಿರುತ್ತದೆ. ವ್ಯಾಪಾರ ಹೇಗೆ ನಡೆಯುತ್ತಿದೆ ಅಂತ ತೋರಿಸುವ ಸಾಫ್ಟ್‌ವೇರ್ ಹಾಗಲ್ಲ. ನಿಮ್ಮ ಧನಿಗಳು ಇಷ್ಟು ಕಾಲ ಒಟ್ಟು ಲಾಭವನ್ನು ವರ್ಷಕ್ಕೊಮ್ಮೆ ಆಡಿಟರು ಕೊಟ್ಟ ಕಾಗದದಲ್ಲಿ ನೋಡಿದವರು. ಪೆರ್ಲದ್ದು ಎಷ್ಟು, ಮುಳ್ಳೇರಿಯದ್ದು ಎಷ್ಟು ಅಂತ ಬೇರೆ ಬೇರೆಯಾಗಿ ಕಂಡದ್ದು ಬಹುಶಃ ನಿಮ್ಮ ಡೆಮೊದಲ್ಲೇ ಮೊದಲು. ಕಂಡ ಮೇಲೆ 'ಪೆರ್ಲದಲ್ಲಿ ಯಾಕೆ ಕಮ್ಮಿ?' ಅಂತ ಕೇಳದೆ ಇರುತ್ತಾರಾ? ಆ ಪ್ರಶ್ನೆ ಬಂತು ಅಂದರೆ ಸಾಫ್ಟ್‌ವೇರ್ ಕೆಲಸ ಮಾಡುತ್ತಿದೆ ಅಂತಲೇ ಲೆಕ್ಕ. ಡೆಮೊ ನೋಡಿ 'ಚೆಂದ ಉಂಟು' ಅಂತ ಹೇಳಿ, ಚಾ ಕುಡಿದು ಎದ್ದು ಹೋದರೆ ಆಗ ಹೆದರಿ.

ಆದರೆ 'ಪೆರ್ಲದಲ್ಲಿ ಯಾಕೆ ಕಮ್ಮಿ' ಅನ್ನುವುದು ಹೊಸ ಪ್ರಶ್ನೆ. 'ಲಾಭದ ಲೆಕ್ಕವೇ ತಪ್ಪು' ಅನ್ನುವುದು ಬೇರೆ ಜಾತಿಯ ಮಾತು. ಬಣ್ಣ ಬದಲಿಸಿ, ಗ್ರಾಫ್ ಹಾಕಿ, ಮೊಬೈಲಿನಲ್ಲಿ ಕಾಣಲಿ ಅನ್ನುವುದು ಮತ್ತೊಂದು. ಸರಕಾರ ನಿಯಮ ಬದಲಿಸಿತು ಅನ್ನುವುದು ಇನ್ನೂ ಒಂದು. ಇವನ್ನೆಲ್ಲ ಒಂದೇ ಬ್ಯಾಕ್‌ಲಾಗ್‌ನಲ್ಲಿ (ಬಾಕಿ ಕೆಲಸಗಳ ಪಟ್ಟಿಯಲ್ಲಿ) ಒಂದೇ ಥರದ ಕಾರ್ಡ್ ಮಾಡಿ ಇಟ್ಟಿದ್ದೀರಿ ಅಂತ ನನ್ನ ಅನುಮಾನ. ತಂಡ ಸುಸ್ತಾಗುವುದು ಹೆಚ್ಚಾಗಿ ಎರಡನೆಯದರಲ್ಲಿ, ಅಂದರೆ ಲೆಕ್ಕದ ಸೂತ್ರ ಬದಲಾಗುವುದರಲ್ಲಿ. ಜಗಳ ಹುಟ್ಟುವುದೂ ಅಲ್ಲೇ. ಹಾಗಾಗಿ ಅದನ್ನೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಲಾಭ ಅಂದರೆ ಯಾವ ಲಾಭ?

ಅಡಿಕೆಯನ್ನೇ ತಗೊಳ್ಳಿ. ಹೊಸ ಅಡಿಕೆ ಅಂತ ಖರೀದಿ ಮಾಡಿ ಗೋದಾಮಿನಲ್ಲಿ ಇಡುತ್ತಾರೆ. ಅದೇ ಗೋಣಿ ಮುಂದಿನ ವರ್ಷ ಹಳೆ ಅಡಿಕೆ ಅಂತ ಹೊರಗೆ ಹೋಗುತ್ತದೆ. ಸುಮ್ನೆ ಒಂದು ಲೆಕ್ಕ ಹಾಕೋಣ. ಕಿಲೋಗೆ 400 ರೂಪಾಯಿಯಂತೆ 100 ಕಿಲೋ ಹೊಸ ಅಡಿಕೆ ತೆಗೆದುಕೊಂಡರು. ಇಟ್ಟಲ್ಲೇ ಒಣಗಿ 96 ಕಿಲೋ ಆಯಿತು. 480ರಂತೆ ಹಳೆ ಅಡಿಕೆಯಾಗಿ ಮಾರಿದರು. ಹಾಕಿದ್ದು 40,000, ಬಂದದ್ದು 46,080. ಉಳಿದದ್ದು 6,080.

ಈಗ ನಿಮ್ಮ ಡ್ಯಾಶ್‌ಬೋರ್ಡ್ 'ಬಗೆವಾರು ಲಾಭ' ತೋರಿಸಬೇಕು. ಖರೀದಿ ಹೊಸ ಅಡಿಕೆಯ ಹೆಸರಿನಲ್ಲಿದೆ, ಮಾರಾಟ ಹಳೆ ಅಡಿಕೆಯ ಹೆಸರಿನಲ್ಲಿದೆ. ಹೊಸದರಲ್ಲಿ 40,000 ನಷ್ಟ, ಹಳೆಯದರಲ್ಲಿ ಬಂದದ್ದೆಲ್ಲ ಲಾಭ! ಧನಿಗಳು ನಗುತ್ತಾರೆ. ನೀವು ಸರಿ ಮಾಡಲು ಹೋಗಿ ಕಿಲೋಗೆ 80 ರೂಪಾಯಿ, 96 ಕಿಲೋ, ಒಟ್ಟು 7,680 ಅಂತ ತೋರಿಸುತ್ತೀರಿ. ಈಗ ಅಕೌಂಟೆಂಟ್ ತಕರಾರು ತೆಗೆಯುತ್ತಾರೆ: ಒಣಗಿ ಹೋದ 4 ಕಿಲೋದ 1,600 ಎಲ್ಲಿ? ಸರಿ, ಅದನ್ನೂ ಕಳೆದಿರಿ. ಇನ್ನು ಲಾಭ ಶೇಕಡಾ ಎಷ್ಟು? ಹಾಕಿದ ದುಡ್ಡಿನ ಮೇಲೆ ನೋಡಿದರೆ 15.2, ಮಾರಾಟದ ಮೇಲೆ ನೋಡಿದರೆ 13.2. ಧನಿಗಳು ಬಾಯಲ್ಲೇ ಹಾಕುವ ಲೆಕ್ಕ ಮೊದಲಿನದು, ಮಗ ಕಾಲೇಜಿನಲ್ಲಿ ಕಲಿತದ್ದು ಎರಡನೆಯದು. ಅಷ್ಟರಲ್ಲಿ ಇನ್ನೊಂದು ಮಾತು ಬರುತ್ತದೆ: ವರ್ಷವಿಡೀ ದುಡ್ಡು ಗೋದಾಮಿನಲ್ಲಿ ಕೂತಿತ್ತಲ್ಲ, ಬಡ್ಡಿ ಕಳೆಯುವುದು ಬೇಡವಾ? ಶೇಕಡಾ 10 ಹಿಡಿದರೆ 4,000 ಹೋಯಿತು. ಉಳಿದದ್ದು 2,080.

ಇಲ್ಲಿ ಯಾರೂ ಮಾತು ಬದಲಿಸಿಲ್ಲ, ನೋಡಿ. ಅವರವರ ತಲೆಯಲ್ಲಿ ಮೊದಲಿನಿಂದಲೂ ಇದ್ದ ಲೆಕ್ಕ ಒಂದೊಂದಾಗಿ ಹೊರಗೆ ಬಂತು, ಅಷ್ಟೆ. ನಿಮ್ಮ ಕಡೆಯಿಂದ 'ಲಾಭ ತೋರಿಸಬೇಕಾ?' ಅಂತ ಕೇಳಿಯಾಗಿತ್ತು. 'ಲಾಭ ಹೇಗೆ ಲೆಕ್ಕ ಹಾಕುತ್ತೀರಿ?' ಅಂತ ಕೇಳಿರಲಿಕ್ಕಿಲ್ಲ.

ಇನ್ನೊಂದು ಸಂಗತಿ ನಮ್ಮ ಗಡಿಭಾಗದವರನ್ನು ಜಾಸ್ತಿ ಕಾಡುವಂಥದ್ದು. ಕುಂಬಳೆಯ ಗೋದಾಮಿನಿಂದ ಪುತ್ತೂರಿಗೆ ಲೋಡ್ ಹೋಗುತ್ತದೆ. ಧನಿಗಳ ಮಟ್ಟಿಗೆ ಅದು ಚಾವಡಿಯಲ್ಲಿದ್ದ ಗೋಣಿಯನ್ನು ಅಟ್ಟಕ್ಕೆ ಹಾಕಿದ ಹಾಗೆ. ಜಿಎಸ್‌ಟಿಯಲ್ಲಿ ಹಾಗಲ್ಲ. ಎರಡು ರಾಜ್ಯಗಳಲ್ಲಿ ಎರಡು ನೋಂದಣಿ ಇದ್ದರೆ ಕಾನೂನಿನ ಲೆಕ್ಕಕ್ಕೆ ಅವರು ಬೇರೆ ಬೇರೆ ವ್ಯಕ್ತಿಗಳು. ಮಾಲು ಕಳಿಸುವಾಗ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ಜಿಎಸ್‌ಟಿ) ಹಾಕಿ ಬಿಲ್ ಮಾಡಬೇಕು. ಆ ಬಿಲ್ಲನ್ನು ಮಾರಾಟದ ಖಾತೆಗೆ ಹಾಕಿದ್ದರೆ ಅದು ಒಂದು ಮಾರಾಟ. ಅದೇ ಅಡಿಕೆ ಪುತ್ತೂರಿನಿಂದ ಹೊರಗೆ ಹೋದಾಗ ಮತ್ತೊಂದು ಮಾರಾಟ. ನಿಮ್ಮ ಸ್ಕ್ರೀನಿನ 'ಒಟ್ಟು ಮಾರಾಟ' ಒಂದೇ ಮಾಲನ್ನು ಎರಡು ಸಲ ಎಣಿಸುತ್ತದೆ.

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು: ಕೇರಳಕ್ಕೆ 32, ಕರ್ನಾಟಕಕ್ಕೆ 29. ಅದರ ನಂತರದ ಹತ್ತು ಅಕ್ಷರ ಪಾನ್ ನಂಬರ್. ಕೊಟ್ಟವರ ಪಾನ್, ಪಡೆದವರ ಪಾನ್ ಒಂದೇ ಆಗಿದ್ದರೆ ಅದು ಒಳಗಿನ ಸಾಗಾಟ. ಒಟ್ಟು ಲೆಕ್ಕದಿಂದ ಬಿಡಿ. ಆದರೆ ಪೂರ್ತಿ ಅಳಿಸಲಿಕ್ಕೂ ಇಲ್ಲ. ಕುಂಬಳೆಯ ಮ್ಯಾನೇಜರಿಗೆ ಅದು ತಾನು ಕಳಿಸಿದ ಮಾಲು, ತನ್ನ ಕೆಲಸ. ಹಾಗಾಗಿ 'ಬ್ರಾಂಚಿನಿಂದ ಹೋದ ಮಾಲು' ಒಂದು ಅಂಕಿ, 'ಸಂಸ್ಥೆಯ ಮಾರಾಟ' ಇನ್ನೊಂದು ಅಂಕಿ ಆಗಬೇಕು. ಎರಡಕ್ಕೂ 'ಸೇಲ್ಸ್' ಅಂತ ಒಂದೇ ಹೆಸರು ಕೊಟ್ಟರೆ ಮುಂದಿನ ಆರು ಡೆಮೊ ಅದೇ ಜಗಳದಲ್ಲಿ ಮುಗಿಯುತ್ತದೆ.

ಸೈನ್ ಬೇಕಾದ ಕಾಗದ

ಪ್ರತಿ ಮುಖ್ಯ ಅಂಕಿಗೆ ಒಂದು ಪುಟ ಮಾಡಿ. ಜಾಸ್ತಿ ಬೇಡ, ಒಂದೇ ಪುಟ. ಅಂಕಿಯ ಹೆಸರು, ಸೂತ್ರ ಏನು, ಯಾವ ತಾರೀಕು ಹಿಡಿಯುವುದು (ಬಿಲ್ ಆದ ದಿನವಾ, ಲೋಡ್ ಹೊರಟ ದಿನವಾ), ಏನನ್ನು ಬಿಡುವುದು, ತಕರಾರು ಬಂದರೆ ಯಾರ ಮಾತು ಕೊನೆ, ಯಾವ ದಿನದಿಂದ ಜಾರಿ. ಇದರ ಕೆಳಗೆ ಒಂದು ಕೈಲೆಕ್ಕ ಇರಲೇಬೇಕು. ನಾನು ಮೇಲೆ ಹಾಕಿದಂಥದ್ದೇ, ಆದರೆ ಅವರ ಅಂಗಡಿಯ ನಿಜವಾದ ಬಿಲ್ಲುಗಳಿಂದ. ಒಂದು ವಾರದ ಬಿಲ್ ಸಾಕು. ಲೆಕ್ಕ ಹಾಕಬೇಕಾದವರು ನೀವಲ್ಲ, ಅವರ ಅಕೌಂಟೆಂಟ್. ಕಾಗದ, ಪೆನ್ನು, ಕ್ಯಾಲ್ಕುಲೇಟರ್ ಸಾಕು. ಅವರು ಲೆಕ್ಕ ಹಾಕುವಾಗ ಪಕ್ಕದಲ್ಲಿ ಕೂತು ನೋಡಿ. ನೀವು ಕೇಳಲು ಮರೆತ ಪ್ರಶ್ನೆಗಳು ಅಲ್ಲೇ ಬರುತ್ತವೆ. 'ಈ ಬಿಲ್ ಬಿಡುವಾ, ಇದು ವಾಪಸ್ ಬಂದ ಮಾಲು' ಅಂತ ಅವರು ಬಾಯಿ ಬಿಟ್ಟು ಹೇಳುವುದು ಆಗಲೇ.

ಸೈನ್ ಹಾಕಿಸಬೇಕಾದದ್ದು ಈ ಪುಟಕ್ಕೆ, ಸ್ಕ್ರೀನಿನ ಚಿತ್ರಕ್ಕಲ್ಲ. ಇದರಿಂದ ಒಂದು ದೊಡ್ಡ ಉಪಕಾರ ಇದೆ. ಕೈಲೆಕ್ಕಕ್ಕೂ ನಿಮ್ಮ ಸ್ಕ್ರೀನಿಗೂ ತಾಳೆ ಆಗದಿದ್ದರೆ ಅದು ನಿಮ್ಮ ಬಗ್, ಬಿಟ್ಟಿ ಸರಿ ಮಾಡಿಕೊಡಿ. ತಾಳೆ ಆಗಿದ್ದೂ ಅವರಿಗೆ ಬೇರೆ ಬೇಕು ಅನಿಸಿದರೆ ಅದು ಬದಲಾವಣೆ. ಬಗ್ಗಾ, ಬದಲಾವಣೆಯಾ ಅಂತ ಅರ್ಧ ದಿನ ವಾದ ಮಾಡುವುದು ತಪ್ಪುತ್ತದೆ. ಆ ಕೈಲೆಕ್ಕವನ್ನೇ ಆಟೊಮೇಟೆಡ್ ಟೆಸ್ಟ್ (ತಾನಾಗಿ ಓಡುವ ಪರೀಕ್ಷೆ) ಮಾಡಿ ಇಡಿ. ಮುಂದೆ ಯಾರು ಕೋಡ್ ಮುಟ್ಟಿದರೂ ಅದು ಪಾಸಾಗಲೇಬೇಕು.

ಇನ್ನು 'ಯಾವ ದಿನದಿಂದ ಜಾರಿ' ಅನ್ನುವ ಸಾಲು. ಇದನ್ನು ಹೆಚ್ಚಿನವರು ಬಿಡುತ್ತಾರೆ. ಪರಿಣಾಮ ಏನಾಗುತ್ತದೆ ಗೊತ್ತಾ? ಸಾಲದ ಮಿತಿ ಇರುವ ವ್ಯಾಪಾರಿಗಳು ಬ್ಯಾಂಕಿಗೆ ಆಗಾಗ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತಾರೆ. ಧನಿಗಳು ಜೂನ್ ತಿಂಗಳ ಸ್ಟಾಕಿನ ಬೆಲೆಯನ್ನು ನಿಮ್ಮ ಡ್ಯಾಶ್‌ಬೋರ್ಡಿನಿಂದಲೇ ಪ್ರಿಂಟ್ ತೆಗೆದು ಕೊಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ನೀವು ಸೂತ್ರ ಬದಲಿಸಿದಿರಿ. ಈಗ ಅದೇ ಜೂನ್ ತೆರೆದರೆ ಬೇರೆ ಅಂಕಿ. ಬ್ಯಾಂಕಿನ ಫೈಲಿನಲ್ಲಿ ಒಂದು, ಸ್ಕ್ರೀನಿನಲ್ಲಿ ಒಂದು. ಅಲ್ಲಿಂದ ಮುಂದೆ ಆ ಸಾಫ್ಟ್‌ವೇರಿನ ಯಾವ ಅಂಕಿಯನ್ನೂ ಅವರು ನಂಬುವುದಿಲ್ಲ. ನಂಬಿಕೆ ಹೋದ ಡ್ಯಾಶ್‌ಬೋರ್ಡಿಗೆ ಎಷ್ಟು ಚಂದದ ಗ್ರಾಫ್ ಹಾಕಿಯೂ ಪ್ರಯೋಜನ ಇಲ್ಲ. ಅವರು ಮತ್ತೆ ಎಕ್ಸೆಲ್‌ಗೆ ಹೋಗುತ್ತಾರೆ.

ಹಾಗಾಗಿ ಹಳೆ ಸೂತ್ರವನ್ನು ಅಳಿಸಬೇಡಿ. ಅದಕ್ಕೆ 'ಇಂದಿನವರೆಗೆ' ಅಂತ ತಾರೀಕು ಹಾಕಿ, ಹೊಸದಕ್ಕೆ 'ಇಂದಿನಿಂದ' ಅಂತ ಹಾಕಿ. ಡೇಟಾ ವೇರ್‌ಹೌಸ್ (ಹಳೆ ಹೊಸ ಲೆಕ್ಕಗಳನ್ನೆಲ್ಲ ಕೂಡಿಡುವ ಜಾಗ) ಕೆಲಸದವರು ವಿವರಗಳ ಬದಲಾವಣೆಗೆ ಹೀಗೇ ಮಾಡುತ್ತಾರೆ. ಹಳೆಯದನ್ನು ಅಳಿಸಿ ಬರೆದರೆ ಟೈಪ್ 1, ತಾರೀಕು ಹಾಕಿ ಎರಡನ್ನೂ ಉಳಿಸಿದರೆ ಟೈಪ್ 2. ಕಾಗುಣಿತ ತಪ್ಪಿದ ಗಿರಾಕಿಯ ಹೆಸರಿಗೆ ಟೈಪ್ 1 ಸಾಕು. ಒಂದು ಅಂಗಡಿ ಯಾವ ಮ್ಯಾನೇಜರಿನ ಕೈಯಲ್ಲಿತ್ತು, ಸ್ಟಾಕಿಗೆ ಬೆಲೆ ಹೇಗೆ ಕಟ್ಟಿದ್ದು ಅನ್ನುವುದಕ್ಕೆಲ್ಲ ಟೈಪ್ 2 ಬೇಕು. ರಿಪೋರ್ಟಿನ ಅಡಿಯಲ್ಲಿ ಯಾವ ತಾರೀಕಿನ ಸೂತ್ರ ಅಂತ ಸಣ್ಣ ಅಕ್ಷರದಲ್ಲಿ ಪ್ರಿಂಟ್ ಆಗಲಿ. ಸೂತ್ರ ಬದಲಿಸುವ ಮೊದಲು ಕಳೆದ ಮೂರು ತಿಂಗಳಿಗೆ ಹಳೆಯದು, ಹೊಸದು ಎರಡನ್ನೂ ಓಡಿಸಿ ಅಕ್ಕಪಕ್ಕ ತೋರಿಸಿ. ಎಷ್ಟೋ ಸಲ ಆ ಎರಡು ಕಾಲಂ ನೋಡಿದ ಮೇಲೆ 'ಇಷ್ಟೇನಾ ವ್ಯತ್ಯಾಸ? ಹಾಗಾದರೆ ಬೇಡ ಬಿಡಿ' ಅಂತ ಅವರೇ ಹೇಳುತ್ತಾರೆ.

ಇದೆಲ್ಲ ಸಾಧ್ಯ ಆಗಬೇಕಾದರೆ ಕೋಡಿನಲ್ಲಿ ಒಂದು ಶಿಸ್ತು ಬೇಕು. ಟ್ಯಾಲಿಯಿಂದ (ಅಕೌಂಟ್ಸ್ ಸಾಫ್ಟ್‌ವೇರಿನಿಂದ) ಬಂದ ಮೂಲ ಲೆಕ್ಕವನ್ನು ಮುಟ್ಟಬಾರದು. ಸೂತ್ರಗಳೆಲ್ಲ ಒಂದೇ ಕಡೆ ಇರಬೇಕು. ಸ್ಕ್ರೀನ್‌ಗಳು ಅಲ್ಲಿಂದ ತೆಗೆದು ತೋರಿಸಬೇಕೇ ಹೊರತು ತಾವೇ ಕೂಡಿ ಕಳೆಯಬಾರದು. ಈಗ ಒಂದೇ ಲಾಭದ ಲೆಕ್ಕ ನಿಮ್ಮ ಕೋಡಿನಲ್ಲಿ ಎಷ್ಟು ಕಡೆ ಇದೆ ಅಂತ ಹುಡುಕಿ ನೋಡಿ. ಮೂರು ಕಡೆ ಇದ್ದರೆ ನಿಮ್ಮ ಸುಸ್ತಿಗೆ ಅರ್ಧ ಕಾರಣ ಧನಿಗಳಲ್ಲ.

ಮಗನಿಗೆ ಏನು ಹೇಳುವುದು?

ಅವರು ಹೇಳಿದ್ದು ಅರ್ಧ ಸರಿ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಅದರ 12 ತತ್ವಗಳಲ್ಲಿ ಎರಡನೆಯದೇ ಬದಲಾಗುವ ಬೇಡಿಕೆಗಳನ್ನು ಸ್ವಾಗತಿಸಿ, ಕೆಲಸ ತುಂಬ ಮುಂದೆ ಹೋಗಿದ್ದರೂ ಸರಿ ಅನ್ನುತ್ತದೆ. ಆದರೆ ಬಂದದ್ದನ್ನೆಲ್ಲ ಅದೇ ದಿನ, ಅದೇ ದುಡ್ಡಿಗೆ ಮಾಡಿ ಅಂತ ಎಲ್ಲಿಯೂ ಇಲ್ಲ. ನೀವು ಬಳಸುವ ಸ್ಕ್ರಮ್‌ನಲ್ಲಿ (ಸ್ಪ್ರಿಂಟ್ ಲೆಕ್ಕದಲ್ಲಿ ಕೆಲಸ ಮಾಡುವ ಅಜೈಲ್ ಪದ್ಧತಿಯಲ್ಲಿ) ಪ್ರತಿ ಸ್ಪ್ರಿಂಟಿಗೂ ಒಂದು ಗುರಿ ಇರಬೇಕು. ಆ ಗುರಿಗೆ ಅಪಾಯ ತರುವ ಬದಲಾವಣೆ ನಡುವೆ ಬರಬಾರದು. ಗುರಿಯ ಒಳಗೆ ಯಾವ ಕೆಲಸ ಎಷ್ಟು ಅನ್ನುವುದನ್ನು ಮಾತಾಡಿ ಹೆಚ್ಚು ಕಮ್ಮಿ ಮಾಡಿಕೊಳ್ಳಬಹುದು.

ನಿಮ್ಮ ಸ್ಪ್ರಿಂಟಿಗೆ ಗುರಿ ಅಂತ ಒಂದು ಇದೆಯಾ? 'ಹನ್ನೊಂದು ಕಾರ್ಡ್ ಮುಗಿಸುವುದು' ಗುರಿಯಲ್ಲ. 'ನಾಲ್ಕೂ ಬ್ರಾಂಚಿನ ಅಡಿಕೆ ಸ್ಟಾಕ್ ಬೆಳಿಗ್ಗೆ ಒಂಬತ್ತಕ್ಕೆ ಧನಿಗಳ ಮೊಬೈಲಿನಲ್ಲಿ ಸರಿಯಾಗಿ ಕಾಣಬೇಕು' ಅನ್ನುವುದು ಗುರಿ. ಹೀಗೆ ಇಟ್ಟರೆ ನಡುವೆ ಬಂದ ಬೇಡಿಕೆ ಒಳಗೆ ಬರಬೇಕಾ ಬೇಡವಾ ಅಂತ ಹೇಳುವುದು ಸುಲಭ.

ಸೂತ್ರಗಳು ಒಂದು ಹದಕ್ಕೆ ಬರುವ ತನಕ ಸ್ಪ್ರಿಂಟನ್ನು ಒಂದು ವಾರಕ್ಕೆ ಇಳಿಸಿ. ಎರಡು ವಾರದ ಸ್ಪ್ರಿಂಟ್‌ನಲ್ಲಿ ನಡುವೆ ಬಂದ ಬೇಡಿಕೆ ಮುಂದಿನ ಪ್ಲಾನಿಂಗ್‌ಗೆ ಸರಾಸರಿ ಒಂದು ವಾರ ಕಾಯುತ್ತದೆ. ಒಂದು ವಾರದ್ದಾದರೆ ಮೂರೂವರೆ ದಿನ. 'ಸೋಮವಾರ ನೋಡುವಾ ಧನಿಗಳೇ' ಅಂದರೆ ಯಾರಿಗೂ ಬೇಜಾರಿಲ್ಲ. 'ಮುಂದಿನ ತಿಂಗಳು' ಅಂದರೆ ರಾತ್ರಿ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಬರುತ್ತದೆ. ತುರ್ತು ಅಂತ ಹಟ ಹಿಡಿದರೆ ಸ್ಪ್ರಿಂಟಿನ ಕೆಲಸಗಳ ಬೋರ್ಡ್ ತೋರಿಸಿ, 'ಇದು ಒಳಗೆ ಬರುವುದಾದರೆ ಯಾವುದನ್ನು ಹೊರಗೆ ಇಡುವುದು, ನೀವೇ ಹೇಳಿ' ಅಂತ ಕೇಳಿ. ಇಲ್ಲ ಅಂತ ಹೇಳಲು ನಮಗೆ ನಾಲಿಗೆ ತಿರುಗುವುದಿಲ್ಲ, ಅದರಲ್ಲೂ ಊರಿನ ಧನಿಗಳಿಗೆ, ನಾಳೆ ಅದೇ ಕೋಲಕ್ಕೆ, ಅದೇ ಮದುವೆಗೆ ಇಬ್ಬರೂ ಹೋಗುವವರು. ಆದರೆ ಇಲ್ಲ ಅನ್ನುವ ಅಗತ್ಯವೇ ಇಲ್ಲಿ ಇಲ್ಲ. ಆಯ್ಕೆ ಅವರದ್ದು.

ಹೇಳುವವರು ಒಬ್ಬರೇ ಇರಲಿ. ಧನಿಗಳು ಒಂದು, ಮಗ ಒಂದು, ಅಕೌಂಟೆಂಟ್ ಒಂದು ಹೇಳಿದರೆ ಯಾವ ವಿಧಾನವೂ ನಿಮ್ಮನ್ನು ಕಾಪಾಡುವುದಿಲ್ಲ. ಪ್ರಾಡಕ್ಟ್ ಓನರ್ (ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವವರು) ಅಂದರೆ ಒಬ್ಬ ವ್ಯಕ್ತಿ, ಸಮಿತಿ ಅಲ್ಲ. ಮನೆತನದ ವ್ಯಾಪಾರಗಳಲ್ಲಿ ಮಗ ಅಥವಾ ಮಗಳು ಆ ಜಾಗಕ್ಕೆ ಹೊಂದುತ್ತಾರೆ ಅಂತ ನನ್ನ ಅಭಿಪ್ರಾಯ: ಡೆಮೊಗೆ ಪುರುಸೊತ್ತು ಮಾಡಿಕೊಳ್ಳುತ್ತಾರೆ, ಅಪ್ಪನ ಹತ್ತಿರ ಮಾತಾಡುವ ಧೈರ್ಯವೂ ಇರುತ್ತದೆ. ಸೂತ್ರದ ಪುಟಕ್ಕೆ ಮಾತ್ರ ಅಕೌಂಟೆಂಟ್ ಸೈನ್ ಇಲ್ಲದೆ ಮುಂದೆ ಹೋಗಬೇಡಿ.

ಹೊಸ ಪ್ರಶ್ನೆಗಳ ಬಗ್ಗೆ ಒಂದೇ ಮಾತು. 'ಈ ಅಂಕಿ ಕಂಡರೆ ನಾಳೆ ಬೆಳಿಗ್ಗೆ ನೀವು ಏನು ಮಾಡುತ್ತೀರಿ?' ಅಂತ ಕೇಳಿ. ಗೋದಾಮುವಾರು ಸ್ಟಾಕ್ ಕಂಡರೆ ಖರೀದಿ ಮುಂದುವರಿಸುವುದಾ ನಿಲ್ಲಿಸುವುದಾ ಅಂತ ತೀರ್ಮಾನ ಆಗುತ್ತದೆ. ನೌಕರರು ಯಾರು ಎಷ್ಟು ಬಿಲ್ ಹಾಕಿದರು ಅನ್ನುವ ಬಣ್ಣದ ವೃತ್ತ ಕಂಡರೆ ಏನೂ ಆಗುವುದಿಲ್ಲ. ಅನುಮಾನ ಇದ್ದರೆ ಮೊದಲು ಎರಡು ವಾರ ಎಕ್ಸೆಲ್ ಶೀಟಿನಲ್ಲಿ ಕಳಿಸಿ. ಮೂರನೇ ವಾರ ನೀವು ಕಳಿಸದಿದ್ದಾಗ 'ಎಲ್ಲಿ?' ಅಂತ ಫೋನ್ ಬಂದರೆ ಸ್ಕ್ರೀನ್ ಮಾಡಿ. ಬಣ್ಣ, ಗ್ರಾಫಿನ ಬೇಡಿಕೆಗಳನ್ನು ಗುಡ್ಡೆ ಹಾಕಿ ತಿಂಗಳಿಗೊಮ್ಮೆ ಒಂದೇ ದಿನ ಮುಗಿಸಿ.

ಸರಕಾರ ತರುವ ಬದಲಾವಣೆಗೆ ಮಾತ್ರ ಆಯ್ಕೆ ಇಲ್ಲ. ಬಿಲ್ಲನ್ನು ಸರಕಾರದ ಪೋರ್ಟಲಿನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ ನೋಡಿ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನ ಮೇಲಿನವರಿಗೆ ಬಂತು. ಆಮೇಲೆ 100 ಕೋಟಿ, 50, 20, 10 ಅಂತ ಇಳಿಯುತ್ತಾ 2023ರ ಆಗಸ್ಟ್‌ನಲ್ಲಿ 5 ಕೋಟಿಗೆ ನಿಂತಿತು. ಮೂರು ವರ್ಷದೊಳಗೆ ಐದು ಸಲ ಬದಲು. ಕೇರಳದಲ್ಲಿ 2019ರ ಆಗಸ್ಟ್ 1ರಿಂದ 2021ರ ಜುಲೈ 31ರವರೆಗೆ ಪ್ರವಾಹ ಸೆಸ್ ಇತ್ತು: ಶೇಕಡಾ 12 ಮತ್ತು ಅದಕ್ಕಿಂತ ಜಾಸ್ತಿ ಜಿಎಸ್‌ಟಿ ಇರುವ ಸಾಮಾನು ಗಿರಾಕಿಗೆ ಮಾರಿದರೆ ಶೇಕಡಾ 1. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಇಲ್ಲ. ಉಪ್ಪಳದಲ್ಲೂ ಮಂಗಳೂರಿನಲ್ಲೂ ಅಂಗಡಿ ಇರುವವರಿಗೆ ಬಿಲ್ಲಿನ ಒಟ್ಟು ಮೊತ್ತವನ್ನೇ ಮಾರಾಟ ಅಂತ ತೋರಿಸಿದ್ದರೆ ಎರಡು ಅಂಗಡಿಯ ಹೋಲಿಕೆಯೇ ತಪ್ಪು. ತೆರಿಗೆ ದರ, ಮಿತಿ, ಸೆಸ್ ಇವನ್ನೆಲ್ಲ ರಾಜ್ಯ ಮತ್ತು ತಾರೀಕಿನ ಸಮೇತ ಟೇಬಲ್‌ನಲ್ಲಿ ಇಡಿ, ಕೋಡಿನೊಳಗೆ ಬೇಡ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಬದಲಾದಾಗ ಹೀಗೆ ಇಟ್ಟವರಿಗೆ ಕೆಲವು ಸಾಲು ಸೇರಿಸುವ ಕೆಲಸ ಅಷ್ಟೇ ಇತ್ತು.

ಹಬ್ಬಗಳದ್ದು ಇನ್ನೊಂದು ತಮಾಷೆ. ನಿಮ್ಮದು ಅಡಿಕೆ, ಅಷ್ಟು ತೊಂದರೆ ಇಲ್ಲ. ಬಟ್ಟೆ ಅಂಗಡಿಗೆ ಮಾಡುವುದಾದರೆ ನೆನಪಿಡಿ: ಓಣಂನ ಮುಖ್ಯ ದಿನ ತಿರುವೋಣಂ 2023ರಲ್ಲಿ ಆಗಸ್ಟ್ 29ಕ್ಕೆ, 2024ರಲ್ಲಿ ಸೆಪ್ಟೆಂಬರ್ 15ಕ್ಕೆ. ಆಗಸ್ಟಿಗೆ ಆಗಸ್ಟ್ ಹೋಲಿಸಿದರೆ ವ್ಯಾಪಾರ ಮುಳುಗಿದ ಹಾಗೆ ಕಾಣುತ್ತದೆ. ಕೇರಳದಲ್ಲಿ ಈದುಲ್ ಫಿತ್ರ್ 2024ರ ಏಪ್ರಿಲ್ 10ಕ್ಕೆ, ಮತ್ತೆ 2025ರ ಮಾರ್ಚ್ 31ಕ್ಕೆ ಬಂತು. ಒಂದೇ ಹಣಕಾಸು ವರ್ಷದಲ್ಲಿ ಎರಡು ಸಲ! 'ಹಬ್ಬಕ್ಕೆ ಹಬ್ಬ ಹೋಲಿಸಿ' ಅನ್ನುವ ಬೇಡಿಕೆ ಬಂದೇ ಬರುತ್ತದೆ. ಕ್ಯಾಲೆಂಡರ್ ಟೇಬಲ್ ಮೊದಲೇ ಮಾಡಿಡಿ.

ಇನ್ನೊಂದು ಎಚ್ಚರಿಕೆ. ಅಂಕಿಗೆ ಮ್ಯಾನೇಜರುಗಳ ಇನ್ಸೆಂಟಿವ್ ಕಟ್ಟಿದ ದಿನ ಬೇಡಿಕೆಗಳ ಹೊಸ ಅಲೆ ಶುರುವಾಗುತ್ತದೆ. 1975ರಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹಣಕಾಸು ನೀತಿಯ ಬಗ್ಗೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ: ಹತೋಟಿಗೆ ಅಂತ ಬಳಸಲು ಹೊರಟ ಕೂಡಲೇ ಅಂಕಿ ಮೊದಲಿನ ಹಾಗೆ ನಡೆದುಕೊಳ್ಳುವುದಿಲ್ಲ. ಖರೀದಿಯ ಕಿಲೋ ಲೆಕ್ಕದಲ್ಲಿ ಇನ್ಸೆಂಟಿವ್ ಕೊಟ್ಟರೆ ಸರಿಯಾಗಿ ಒಣಗದ ಅಡಿಕೆಯೂ ಒಳಗೆ ಬರುತ್ತದೆ, ತೂಕ ಜಾಸ್ತಿ ಅಲ್ವಾ! ಇಂಥ ಉದ್ದೇಶ ಇದೆಯಾ ಅಂತ ಧನಿಗಳ ಹತ್ತಿರ ಈಗಲೇ ಕೇಳಿಡಿ.

ದುಡ್ಡಿನ ಮಾತು

ಮುಂದಿನ ಕರಾರು ಹೀಗೆ ಮಾಡಿ. ಮೊತ್ತ ಸ್ಕ್ರೀನುಗಳ ಪಟ್ಟಿಗಲ್ಲ, ತಂಡದ ಇಷ್ಟು ವಾರದ ಕೆಲಸಕ್ಕೆ. ಆ ವಾರಗಳ ಒಳಗೆ ಅದಲುಬದಲು ಬಿಟ್ಟಿ: ಇನ್ನೂ ಶುರು ಮಾಡದ ಕೆಲಸ ಹೊರಗೆ, ಅಷ್ಟೇ ಗಾತ್ರದ ಹೊಸದು ಒಳಗೆ. ಕೈಲೆಕ್ಕಕ್ಕೆ ತಾಳೆಯಾಗದ್ದು ಬಿಟ್ಟಿ. ಒಪ್ಪಿದ ಸೂತ್ರ ಬದಲಾದರೆ ವಾರದ ಲೆಕ್ಕಕ್ಕೆ. ಕಾನೂನು ಬದಲಾವಣೆ ವಾರ್ಷಿಕ ನಿರ್ವಹಣೆಯಲ್ಲಿ.

ಈಗಿನ ಕೆಲಸಕ್ಕೆ ಹಿಂದಿನದ್ದರ ದುಡ್ಡು ಕೇಳಬೇಡಿ, ಸಿಗುವುದಿಲ್ಲ, ಸಂಬಂಧವೂ ಹಾಳು. ಉಳಿದ ಕೆಲಸವನ್ನು ಮೂರು ಗುಂಪು ಮಾಡಿ: ಮೊದಲು ಒಪ್ಪಿದ್ದು, ಬದಲಾದ ಸೂತ್ರ, ಹೊಸ ಪ್ರಶ್ನೆ. ಪ್ರತಿಯೊಂದರ ಎದುರು ಎಷ್ಟು ದಿನ ಅಂತ ಬರೆಯಿರಿ. ಒಪ್ಪಿದ ಮೊತ್ತಕ್ಕೆ ಇನ್ನು ಎಷ್ಟು ದಿನ ಬಾಕಿ ಅಂತಲೂ ಬರೆಯಿರಿ. ಅಷ್ಟು ದಿನಕ್ಕೆ ಯಾವುದನ್ನು ಆರಿಸಿದರೂ ಸರಿ, ಮಿಕ್ಕದ್ದಕ್ಕೆ ಇಷ್ಟು ಅಂತ ಹೇಳಿ. ಧನಿಗಳು ವ್ಯಾಪಾರಿ, ಈ ಮಾತು ಅವರಿಗೆ ನಮಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಮಾತಿಗೆ ಕೂರುವಾಗ ಅಕೌಂಟೆಂಟರನ್ನೂ ಕರೆಯಿರಿ. ಆದರೆ ತಿಂಗಳ 11ಕ್ಕೆ ಅವರಿಗೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಹಾಕುವ ಗಡಿಬಿಡಿ ಇರುತ್ತದೆ. 21ರ ನಂತರ ಹೋಗಿ.